ಇದು ಯಾರ ದುಡ್ಡು, ಬಾಯಮ್ಮ?

ಬೇಳದ ಕಡೆಯ ಬಾಯಮ್ಮ ಒಬ್ಬರು ವರ್ಷಕ್ಕೊಮ್ಮೆ, ಜುಲೈ ಮಳೆಯಲ್ಲಿ, ಆದಾಯ ತೆರಿಗೆ ರಿಟರ್ನ್ ಹಾಕಿಸಲು ಕಾಸರಗೋಡಿನ ನನ್ನ ಆಫೀಸಿಗೆ ಬರುತ್ತಾರೆ. ರಿಟೈರ್ಡ್ ಟೀಚರ್. ಪಿಂಚಣಿ ಇದೆ, ಒಂದಿಷ್ಟು ಅಡಿಕೆ ತೋಟ ಇದೆ. ಕಳೆದ ಸಲ ಬಂದವರು ಕೊಡೆಯನ್ನು ಬಾಗಿಲ ಮೂಲೆಗೆ ಒರಗಿಸಿ, ಚೀಲದಿಂದ ಒಂದು ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟರು. ಕೆಂಪು ಶಾಯಿಯಲ್ಲಿ ಎಳೆದ ಗೆರೆ, ಹನ್ನೊಂದು ಮನೆಯ ಹೆಸರು, ಪ್ರತಿ ಹೆಸರಿನ ಎದುರು ತಿಂಗಳು ತಿಂಗಳೂ 500.

“ಇದೆಂತ?” ಎಂದೆ.

“ನನ್ನ ಅಣ್ಣನ ಮಗ ಫಾದರ್ ಆಗಿ ಒಡಿಶಾದಲ್ಲಿ ಮಿಶನ್‌ನಲ್ಲಿ ಇದ್ದಾನಲ್ಲ, ಅವನಿಗೆ ನಮ್ಮ ವಾರ್ಡಿನವರು ಕೊಡುವುದು. ನಾನು ಒಟ್ಟು ಮಾಡಿ ಗೂಗಲ್ ಪೇ ಮಾಡ್ತೇನೆ. ಟ್ಯಾಕ್ಸಲ್ಲಿ ಎಂತಾದ್ರೂ ಕಡಿಮೆ ಆಗ್ತದಾ?”

ಆಗುವುದಿಲ್ಲ. ವ್ಯಕ್ತಿಗೆ ಕೊಟ್ಟ ದುಡ್ಡಿಗೆ ರಿಯಾಯಿತಿ ಇಲ್ಲ. ಅಷ್ಟು ಹೇಳಿ ಕಳಿಸಬಹುದಿತ್ತು. ಆದರೆ ಆ ನೋಟ್‌ಬುಕ್ ನೋಡಿ ನನಗೆ ಬೇರೆಯೇ ಪ್ರಶ್ನೆ ಎದ್ದಿತು. ಈ ದುಡ್ಡು ಯಾರದ್ದು? ಫಾದರ್‌ದ್ದಾ, ಫಾದರ್ ಮಾಡುವ ಕೆಲಸದ್ದಾ?

“ಎರಡೂ ಒಂದೇ ಅಲ್ವಾ ಮಾರಾಯ್ರೆ?”

ಕೊಡುವವರಿಗೆ ಒಂದೇ. ಲೆಕ್ಕ ನೋಡುವವರಿಗೆ ಅಲ್ಲ.

ಆದಾಯ ತೆರಿಗೆ ಕಾನೂನಿನಲ್ಲಿ ಒಬ್ಬ ವ್ಯಕ್ತಿಗೆ ವರ್ಷದಲ್ಲಿ ಸಂಬಂಧಿಕರಲ್ಲದವರಿಂದ ಒಟ್ಟು 50,000 ರೂಪಾಯಿಗಿಂತ ಜಾಸ್ತಿ ಉಡುಗೊರೆ ಹಣ ಬಂದರೆ, ಅದು ಅವನ ಆದಾಯ. ಮೇಲಿನ ಭಾಗ ಮಾತ್ರ ಅಲ್ಲ, ಪೂರ್ತಿ ಮೊತ್ತ. ಬಾಯಮ್ಮನ 500 ಇದಕ್ಕೆ ಸೇರುವುದಿಲ್ಲ, ಯಾಕೆಂದರೆ ಅಪ್ಪನ ತಂಗಿ ಕಾನೂನಿನ ಪಟ್ಟಿಯಲ್ಲಿ ಸಂಬಂಧಿಕಳು. (ತಮಾಷೆ ನೋಡಿ, ಅದೇ ಅಣ್ಣನ ಮಗ ಈ ಅತ್ತೆಗೆ ದೊಡ್ಡ ಮೊತ್ತ ಕೊಟ್ಟರೆ ಅತ್ತೆಗೆ ತೆರಿಗೆ ಬೀಳಬಹುದು. ಪಟ್ಟಿಯಲ್ಲಿ ಅತ್ತೆ ಇದ್ದಾಳೆ, ಅಣ್ಣನ ಮಗ ಇಲ್ಲ.) ಉಳಿದ ಹತ್ತು ಮನೆಯದ್ದು ತಿಂಗಳಿಗೆ 5,000, ವರ್ಷಕ್ಕೆ 60,000. ಗೆರೆ ದಾಟಿತು. ಬಾಯಮ್ಮನ ಮೊಬೈಲಿನಿಂದ ಹೋಯಿತು ಎಂದು ಅದು ಬಾಯಮ್ಮನ ದುಡ್ಡಾಗುವುದಿಲ್ಲ.

ಹೆದರಬೇಕಾದ್ದೇನೂ ಇಲ್ಲ. ಫಾದರ್‌ಗೆ ಬೇರೆ ಆದಾಯ ಇಲ್ಲದಿದ್ದರೆ 60,000ಕ್ಕೆ ತೆರಿಗೆ ಬರುವುದಿಲ್ಲ. ಹೊಸ ಪದ್ಧತಿಯಲ್ಲಿ ಮೊದಲ 4 ಲಕ್ಷಕ್ಕೆ ತೆರಿಗೆಯೇ ಇಲ್ಲ. ಆದರೆ ಅವರು ಶಾಲೆಯಲ್ಲಿ ಸಂಬಳಕ್ಕೆ ಪಾಠ ಮಾಡುವವರಾಗಿದ್ದರೆ?

ಇಲ್ಲಿ ವಿಷಯ ಸ್ವಾರಸ್ಯದ್ದು. ಆ ಫಾದರ್ ಒಂದು ಸನ್ಯಾಸಿ ಸಭೆಗೆ ಸೇರಿದವರು, ಬಡತನದ ವ್ರತ ತೊಟ್ಟವರು. ಕಥೋಲಿಕ ಧರ್ಮಸಭೆಯ ಕಾನೂನಿನ ಪ್ರಕಾರ ಅಂಥವರು ದುಡಿದದ್ದು, ಸನ್ಯಾಸಿ ಸಭೆಯ ಸದಸ್ಯರೆಂಬ ಕಾರಣಕ್ಕೆ ಅವರ ಕೈಗೆ ಬಂದದ್ದು, ಎಲ್ಲ ಆ ಸನ್ಯಾಸಿ ಸಭೆಗೇ ಸೇರಬೇಕು. ಧರ್ಮಪ್ರಾಂತ್ಯದ, ಅಂದರೆ ಬಿಷಪರ ಕೈಕೆಳಗಿನ, ಫಾದರ್‌ಗಳ ವಿಷಯ ಬೇರೆ. ಅವರಿಗೆ ಬಡತನದ ವ್ರತ ಇಲ್ಲ, ಸ್ವಂತ ಆಸ್ತಿ ಇರಬಹುದು. ನಮ್ಮ ಇಗರ್ಜಿಯ (ಚರ್ಚಿನ) ವಿಗಾರರನ್ನೂ ಮಿಶನ್‌ಗೆ ಹೋದ ಸಭೆಯ ಫಾದರ್‌ನನ್ನೂ ಜನ ಒಂದೇ ತಕ್ಕಡಿಯಲ್ಲಿ ತೂಗುತ್ತಾರೆ. ದುಡ್ಡಿನ ವಿಷಯದಲ್ಲಿ ಅವರು ಒಂದೇ ಅಲ್ಲ.

ಹಾಗಾದರೆ ಸನ್ಯಾಸಿಗಳ ಸಂಬಳ ಸಭೆಯದ್ದಾಯಿತಲ್ಲ, ಅವರಿಗೆ ಯಾಕೆ ತೆರಿಗೆ? ಇದೇ ವಾದ ಸುಪ್ರೀಂ ಕೋರ್ಟ್‌ವರೆಗೂ ಹೋಗಿತ್ತು. ಮಿಶನರಿಗಳು ತಮ್ಮ ಫೀಸನ್ನು ಸಭೆಗೆ ಒಪ್ಪಿಸಬೇಕಿದ್ದರೆ ಅದು ಅವರ ಆದಾಯವಲ್ಲ ಎಂದು 1944ರ ಒಂದು ಸರ್ಕ್ಯುಲರ್ ಇತ್ತು. ಅದರ ಬಲದಲ್ಲಿ ತಮಿಳುನಾಡಿನ, ನಮ್ಮ ಕೇರಳದ ಅನುದಾನಿತ ಶಾಲೆಗಳ ಸಿಸ್ಟರ್, ಫಾದರ್‌ಗಳ ಸಂಬಳದಿಂದ ಬಹಳ ವರ್ಷ ಟಿಡಿಎಸ್ (ಸಂಬಳ ಕೊಡುವಾಗಲೇ ಹಿಡಿಯುವ ತೆರಿಗೆ) ಕಡಿಯುತ್ತಿರಲಿಲ್ಲ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕಡಿಯಲೇಬೇಕು ಎಂದಿತು. ಸಂಬಳ ಬರುವುದು ವ್ಯಕ್ತಿಗೆ. ಆಮೇಲೆ ಅದನ್ನು ಯಾರಿಗೆ ಒಪ್ಪಿಸುತ್ತಾರೆ ಎನ್ನುವುದು ಅವರ ವ್ರತದ ಮಾತು. ಬೈಬಲಿನಲ್ಲೂ ಕೈಸರನದನ್ನು ಕೈಸರನಿಗೆ ಕೊಡಿ ಎಂದೇ ಇದೆಯಲ್ಲ.

ಅಂದರೆ ಬಾಯಮ್ಮನ ವಾರ್ಡಿನ ದುಡ್ಡು ಸಭೆಯ ಲೆಕ್ಕದಲ್ಲಿ ಸಭೆಯದ್ದು, ತೆರಿಗೆ ಆಫೀಸಿನ ಲೆಕ್ಕದಲ್ಲಿ ಫಾದರ್‌ದ್ದು. ಪ್ಯಾನ್ ಯಾರ ಹೆಸರಿನಲ್ಲಿದೆಯೋ ಅವರದ್ದು.

ಇದನ್ನು ತಪ್ಪಿಸುವುದು ಸುಲಭ. ಕೆಲಸಕ್ಕೆಂದು ಕೊಡುವುದನ್ನು ಸಭೆಯ ಖಾತೆಗೆ ಹಾಕಿ, ಯಾವ ಕೆಲಸಕ್ಕೆ ಎಂದು ಒಂದು ಸಾಲು ಬರೆದು ಕೊಡಿ. ಒಂದು ಉದ್ದೇಶಕ್ಕೆ ಕೊಟ್ಟದ್ದನ್ನು ಅದೇ ಉದ್ದೇಶಕ್ಕೆ ಖರ್ಚು ಮಾಡಬೇಕು ಎಂದು ಧರ್ಮಸಭೆಯ ಕಾನೂನೇ ಹೇಳುತ್ತದೆ, 1267ನೇ ಕಲಂ. ರಶೀದಿ ಕೇಳಲು ನಾಚಿಕೆ ಬೇಡ. ಫಾದರ್‌ಗೆ ಪ್ರೀತಿಯಿಂದ ಕೊಡುವುದನ್ನು ಬೇರೆ ಕೊಡಿ.

ಈಗ 80ಜಿ, ಅಂದರೆ ದಾನ ಕೊಟ್ಟದ್ದಕ್ಕೆ ತೆರಿಗೆ ರಿಯಾಯಿತಿ ಕೊಡುವ ಕಲಂ. ಹೊಸ ಕಾಯ್ದೆಯಲ್ಲಿ ಕಲಂನ ನಂಬರ್ ಬದಲಾಗಿದೆ, ಜನರ ಬಾಯಲ್ಲಿ ಮಾತ್ರ ಹಳೇ ಹೆಸರೇ. ಧರ್ಮದ ಕೆಲಸಕ್ಕೆ ಆದಾಯದ ಶೇಕಡಾ 5ಕ್ಕಿಂತ ಜಾಸ್ತಿ ಖರ್ಚು ಮಾಡುವ ಸಂಸ್ಥೆಗೆ ಈ ಸೌಲಭ್ಯ ಸಿಗುವುದಿಲ್ಲ. ಹಾಗಾಗಿ ಸುವಾರ್ತೆ ಸಾರುವ ನಿಧಿಗೆ ರಿಯಾಯಿತಿ ಹುಡುಕುವುದು ಸುಮ್ನೆ. ಅದೇ ಮಿಶನ್ ನಡೆಸುವ ಆಸ್ಪತ್ರೆಯೋ ಅನಾಥಾಶ್ರಮವೋ ಬೇರೆ ಟ್ರಸ್ಟ್ ಆಗಿದ್ದರೆ ಸಿಗಬಹುದು. ಆಗಲೂ 2,000 ಮೀರಿದ್ದನ್ನು ನಗದಾಗಿ ಕೊಟ್ಟರೆ ಇಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡಿದ್ದರೆ ಇಲ್ಲ. ಇನ್ನು ಬರೀ ಅಡಿಕೆ, ತೆಂಗಿನ ಆದಾಯದವರಿಗೆ ಆದಾಯ ತೆರಿಗೆಯೇ ಇಲ್ಲವಲ್ಲ, ರಿಯಾಯಿತಿ ಯಾವುದರಿಂದ ಕಳೆಯುವುದು? ಆದರೂ ರಶೀದಿ ಹಿಡಿದು ಬರುವ ಕೃಷಿಕರು ವರ್ಷಕ್ಕೆ ನಾಲ್ಕೈದು ಮಂದಿ ಇದ್ದಾರೆ. ನಾನೂ ಬುದ್ಧಿವಂತನೇನಲ್ಲ. ಹೊಸದಾಗಿ ಪ್ರಾಕ್ಟೀಸ್ ಶುರು ಮಾಡಿದಾಗ ಒಂದು ರಶೀದಿಯ ಮೇಲಿನ ಸೀಲು ನೋಡಿಯೇ ನಂಬಿ ರಿಯಾಯಿತಿ ಹಾಕಿದ್ದೆ. ಸಂಸ್ಥೆಯ ನೋಂದಣಿ ಯಾವತ್ತೋ ಮುಗಿದಿತ್ತು. ಕಕ್ಷಿದಾರರಿಗೆ ನೋಟಿಸ್ ಬಂತು, ಬಡ್ಡಿಯನ್ನು ನಾನೇ ಕಟ್ಟಿದೆ.

ನಮ್ಮ ಜಿಲ್ಲೆಯಲ್ಲಿ ಇದಕ್ಕಿಂತ ಜಾಸ್ತಿ ಜಾಗ್ರತೆ ಬೇಕಾದದ್ದು ಹೊರದೇಶದ ದುಡ್ಡಿನಲ್ಲಿ. ಮನೆಗೊಬ್ಬರು ಗಲ್ಫಿನಲ್ಲಿ ಇರುವ ಊರು ಇದು. ಬಾಯಮ್ಮನ ಮಗ ದುಬೈಯಲ್ಲಿದ್ದಾನೆ, ಮಗಳು ಕೆನಡಾದಲ್ಲಿ. ಮಗನ ಪಾಸ್‌ಪೋರ್ಟ್ ಭಾರತದ್ದು. ಅವನು ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಮಿಶನ್‌ಗೆ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಮಗಳು ಕೆನಡಾ ಪೌರತ್ವ ತೆಗೆದುಕೊಂಡಿದ್ದಾಳೆ, ಭಾರತೀಯ ಮೂಲದ ವಿದೇಶಿಯರಿಗೆ ಕೊಡುವ ಓಸಿಐ ಕಾರ್ಡ್ ಇದೆ. ಅವಳು ಮೊಂತಿ ಹಬ್ಬಕ್ಕೆ ಊರಿಗೆ ಬಂದು, ಇಲ್ಲೇ, ರೂಪಾಯಿಯಲ್ಲೇ ಮಿಶನ್‌ಗೆ ಕೊಟ್ಟರೂ ಅದು ವಿದೇಶಿ ದೇಣಿಗೆ! ತೆಗೆದುಕೊಳ್ಳುವವರಿಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಅನುಮತಿ ಇರಬೇಕು, 2020ರ ತಿದ್ದುಪಡಿಯ ನಂತರ ಆ ಹಣ ಮೊದಲು ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಕೊಟ್ಟದ್ದು ಎಷ್ಟು ಸಣ್ಣ ಮೊತ್ತ ಎನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ.

“ಹಾಗಾದ್ರೆ ಅವಳು ನನಗೆ ಕಳಿಸಲಿ, ನಾನು ಕೊಡ್ತೇನೆ.”

ಈ ಮಾತು ಬರುತ್ತದೆ ಎಂದು ಗೊತ್ತಿತ್ತು. ಅಮ್ಮನ ಖರ್ಚಿಗೆ ಮಗಳು ಕಳಿಸಲಿ, ಅದಕ್ಕೆ ಅಡ್ಡಿ ಇಲ್ಲ. ಮಿಶನ್‌ಗೆ ಎಂದು ಕಳಿಸಿ ಅಮ್ಮನ ಖಾತೆಯನ್ನು ಸೇತುವೆ ಮಾಡುವ ಉಪಾಯ ಮಾತ್ರ ಬೇಡ ಎಂದೆ. ಬಾಯಮ್ಮ ಸ್ವಲ್ಪ ಮುಖ ಸಣ್ಣ ಮಾಡಿದರು.

ಸ್ವತಂತ್ರ ಸಭೆಗಳ (ಯಾವ ದೊಡ್ಡ ಚರ್ಚಿನ ಅಡಿಯಲ್ಲೂ ಇಲ್ಲದವುಗಳ) ಪಾಸ್ಟರ್‌ಗಳದ್ದು ಇನ್ನೊಂದು ಕಥೆ. ಕಾಣಿಕೆ ಪೆಟ್ಟಿಗೆಯ ಪಕ್ಕ ಅಂಟಿಸಿದ ಕ್ಯೂಆರ್ ಕೋಡ್ ಪಾಸ್ಟರ್‌ರ ಸ್ವಂತ ಖಾತೆಯದ್ದು. ಮನುಷ್ಯ ಅಪ್ಪಟ ಪ್ರಾಮಾಣಿಕ, ಖಾತೆ ಮಾತ್ರ ಕಲಸುಮೇಲೋಗರ: ಮಕ್ಕಳ ಫೀಸು, ಸಭೆಯ ಕರೆಂಟ್ ಬಿಲ್ಲು, ಬೈಕಿನ ಸಾಲ, ಎಲ್ಲ ಒಂದರಲ್ಲೇ. ನಾಳೆ ಅವರು ಇಲ್ಲವಾದರೆ ಆ ಹಣ ವಾರಸುದಾರರಿಗೆ ಹೋಗುತ್ತದೆ, ಸಭೆಗೆ ಅಲ್ಲ. ಟ್ರಸ್ಟ್ ಅಥವಾ ಸೊಸೈಟಿ ಮಾಡಿ, ಇಬ್ಬರ ಸಹಿಯ ಖಾತೆ ತೆರೆದು, ಪಾಸ್ಟರ್‌ಗೆ ತಿಂಗಳಿಗೆ ಇಷ್ಟು ಎಂದು ಗೊತ್ತು ಮಾಡಿ. ಅವರ ಮರ್ಯಾದೆ ಉಳಿಯುವುದು ಅದರಲ್ಲೇ.

ಬಾಯಮ್ಮನ ನೋಟ್‌ಬುಕ್ ನೋಡುವಾಗ ನನಗೆ ನೆನಪಾದದ್ದು ಫ್ರಾನ್ಸಿನ ಲಿಯೋನ್ ಊರಿನ ಪೋಲಿನ್ ಜಾರಿಕೊ. ಹತ್ತು ಹತ್ತು ಜನರ ಗುಂಪು, ಪ್ರತಿಯೊಬ್ಬರಿಂದ ವಾರಕ್ಕೆ ಒಂದು ಸಣ್ಣ ನಾಣ್ಯ, ಒಟ್ಟು ಮಾಡಲು ಒಬ್ಬರು. ಅದರಿಂದಲೇ 1822ರಲ್ಲಿ ಮಿಶನ್‌ಗಳಿಗೆ ನೆರವಾಗುವ ದೊಡ್ಡ ಸಂಘ ಹುಟ್ಟಿತು. ಅಕ್ಟೋಬರ್‌ನಲ್ಲಿ ನಮ್ಮ ಇಗರ್ಜಿಗಳಲ್ಲಿ ಮಿಶನ್ ಭಾನುವಾರದ ಕಾಣಿಕೆ ಎತ್ತುತ್ತಾರಲ್ಲ, ಅದರ ಬೇರು ಅಲ್ಲಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್‌ಗೂ ಆಮೇಲೆ ಸ್ವಿಟ್ಜರ್‌ಲೆಂಡಿನಲ್ಲಿ ಇಂಥದ್ದೇ ವಾರದ ಚಿಲ್ಲರೆ ಕಾಸಿನ ವಂತಿಗೆ ಶುರುವಾಯಿತು. ಮಿಜೋರಾಂನಲ್ಲಿ ದುಡ್ಡೂ ಇಲ್ಲ. ಅಡುಗೆಗೆ ಅಕ್ಕಿ ಅಳೆಯುವಾಗ ಹೆಂಗಸರು ಒಂದು ಹಿಡಿ ತೆಗೆದಿಡುತ್ತಾರೆ, ಸಭೆ ಅದನ್ನು ಮಾರಿ ಮಿಶನ್ ಕೆಲಸಕ್ಕೆ ಬಳಸುತ್ತದೆ. ನೂರು ವರ್ಷ ದಾಟಿದ ಪದ್ಧತಿ. ಇವೆಲ್ಲದರಲ್ಲೂ ಒಟ್ಟು ಮಾಡುವ ಕೈ ನೆರೆಮನೆಯವರದ್ದು, ಸೇರುವ ಚೀಲ ಸಂಘದ್ದು. ಬಾಯಮ್ಮನಲ್ಲಿ ಕೈ ಇತ್ತು, ಚೀಲ ಇರಲಿಲ್ಲ.

ನೋಟ್‌ಬುಕ್ಕಿನ ಹೊಸ ಪುಟದಲ್ಲಿ ನಡುವೆ ಗೆರೆ ಎಳೆದು ಕೊಟ್ಟೆ. ಎಡಕ್ಕೆ ‘ಕೆಲಸಕ್ಕೆ’, ಬಲಕ್ಕೆ ‘ಅವನಿಗೆ’. ಹತ್ತು ಮನೆಯವರನ್ನು ಕೇಳಿ, ಯಾರದ್ದು ಯಾವ ಕಡೆ ಎಂದು ಬರೆದು ತರಲು ಹೇಳಿದೆ. ತಮ್ಮ 500ನ್ನು ಬಾಯಮ್ಮ ಅಲ್ಲೇ ಬಲಕ್ಕೆ ಬರೆದರು. ಕೊಡೆ ಬಿಡಿಸುತ್ತಾ ಬಾಗಿಲಲ್ಲಿ ನಿಂತು ಕೇಳಿದರು:

“ಕ್ರಿಸ್‌ಮಸ್‌ಗೆ ಅಲ್ಲಿನ ಮಕ್ಕಳಿಗೂ ಆಗಲಿ ಅಂತ ಅವನಿಗೆ ಕುಸ್ವಾರ್ ತಿಂಡಿ ಜಾಸ್ತಿ ಕಳಿಸ್ತೇನೆ. ಪಾರ್ಸೆಲ್ ಖರ್ಚು ಯಾವ ಕಡೆ ಬರೆಯುವುದು ಮಾರಾಯ್ರೆ?”