ಕಣ್ಮರೆ ಬಿಂದು

ಚಿತ್ರಕಲಾ ಶಾಲೆಗಳಲ್ಲಿ ಇದನ್ನು ವ್ಯಾನಿಷಿಂಗ್ ಪಾಯಿಂಟ್ ಎಂದೇ ಕರೆಯುವುದು ವಾಡಿಕೆ. ನಿಜದಲ್ಲಿ ಸಮಾಂತರವಾಗಿದ್ದು ನಮ್ಮಿಂದ ದೂರಕ್ಕೆ ಸಾಗುವ ಗೆರೆಗಳು ಚಿತ್ರದಲ್ಲಿ ಒಂದೆಡೆ ಕೂಡಿಕೊಳ್ಳುತ್ತವಲ್ಲ, ಆ ಜಾಗವೇ ಕಣ್ಮರೆ ಬಿಂದು. ಚಪ್ಪಟೆ ಹಾಳೆಯ ಮೇಲೆ ದೂರವನ್ನು ಗೆರೆಗಳಿಂದ ತೋರಿಸುವ ರೇಖೀಯ ಪರ್ಸ್‌ಪೆಕ್ಟಿವ್ ಎಂಬ ಇಡೀ ವಿಧಾನ ನಿಂತಿರುವುದು ಅದರ ಮೇಲೆ. ಡ್ರಾಯಿಂಗ್ ಪುಸ್ತಕಗಳು ಸಾಮಾನ್ಯವಾಗಿ ರೈಲು ಹಳಿಯ ಚಿತ್ರವೊಂದನ್ನು ಹಾಕಿ, ತುದಿಯಲ್ಲಿ ಚುಕ್ಕೆಯಿಟ್ಟು, ಮುಂದಿನ ಪುಟಕ್ಕೆ ಹೋಗಿಬಿಡುತ್ತವೆ. ಬಿಂದು ಎಲ್ಲೋ ಕ್ಷಿತಿಜದ ಆಚೆಗಿದೆ ಎಂದು ಕಲಿಯುವವರು ನಂಬುತ್ತಾರೆ. ಅದನ್ನು ತೀರ್ಮಾನಿಸುವುದು ನೋಡುವವನ ಕಣ್ಣು ಎಂಬ ಮುಖ್ಯ ಸಂಗತಿ ಅಲ್ಲಿ ತಪ್ಪಿಹೋಗುತ್ತದೆ.

ನಿಮ್ಮೆದುರು ಒಂದು ಗಾಜಿನ ಹಲಗೆಯನ್ನು ನೆಟ್ಟಗೆ ನಿಲ್ಲಿಸಿ, ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಕದಲಿಸದೆ, ಆಚೆ ಕಾಣುವುದನ್ನು ಗಾಜಿನ ಮೇಲೆಯೇ ಗೀಚುತ್ತೀರಿ ಎನ್ನಿ. ಪ್ರತಿಯೊಂದು ವಸ್ತುವಿನಿಂದ ಕಣ್ಣಿಗೆ ಬರುವ ನೇರ ಕಿರಣ ಗಾಜನ್ನು ಎಲ್ಲಿ ದಾಟುತ್ತದೆಯೋ ಅಲ್ಲಿ ಅದರ ಚಿತ್ರ ಬೀಳುತ್ತದೆ. ಹಂಪಿಯ ವಿರೂಪಾಕ್ಷ ದೇವಾಲಯದ ಗೋಡೆಯ ಮೇಲೆ ಸಣ್ಣ ಕಿಂಡಿಯ ಮೂಲಕ ತಲೆಕೆಳಗಾಗಿ ಬೀಳುವ ಗೋಪುರದ ಬಿಂಬವನ್ನು ನೋಡಿದವರಿಗೆ ಈ ರೇಖಾಗಣಿತ ಹೊಸದಲ್ಲ: ಅಲ್ಲಿ ಕಿಂಡಿ ಮಾಡುವ ಕೆಲಸವನ್ನು ಇಲ್ಲಿ ಕಣ್ಣು ಮಾಡುತ್ತದೆ. ಕಣ್ಣಿನಿಂದ ಗಾಜಿಗೆ ಒಂದು ಲಂಬ ಎಳೆದರೆ ಅದು ಮುಟ್ಟುವ ಜಾಗವೇ ಕಣ್ಮರೆ ಬಿಂದು. ಗಾಜಿಗೆ ಲಂಬವಾಗಿ ಸಾಗುವ ಎಲ್ಲ ಗೆರೆಗಳೂ ಚಿತ್ರದಲ್ಲಿ ಅಲ್ಲಿಗೇ ಬರುತ್ತವೆ. ನೀವು ಕುಳಿತರೆ ಬಿಂದು ಇಳಿಯುತ್ತದೆ, ಎದ್ದರೆ ಏರುತ್ತದೆ. ಅದರ ಮೂಲಕ ಹಾಯುವ ಅಡ್ಡಗೆರೆ ಕ್ಷಿತಿಜ ರೇಖೆ. ಸಮತಟ್ಟಾದ ಬಯಲಿನಲ್ಲಿ ನಿಮ್ಮಷ್ಟೇ ಎತ್ತರದವರು ಹತ್ತು ಅಡಿ ದೂರದಲ್ಲಿರಲಿ, ಫರ್ಲಾಂಗು ದೂರದಲ್ಲಿರಲಿ, ಅವರೆಲ್ಲರ ಕಣ್ಣು ಆ ಗೆರೆಯ ಮೇಲೆಯೇ ಕೂರುತ್ತದೆ. ಚಿಕ್ಕದಾಗುವುದೆಲ್ಲ ಅದರ ಕೆಳಗಿನ ಮೈ.

ಕಣ್ಣಿಗೂ ಬಿಂದುವಿಗೂ ಇರುವ ಈ ನಂಟನ್ನು ಮೊದಲು ತೋರಿಸಿಕೊಟ್ಟದ್ದು ಚಿತ್ರಕಾರನಲ್ಲ, ಅಕ್ಕಸಾಲಿಗನಾಗಿ ಪಳಗಿ ಮುಂದೆ ವಾಸ್ತುಶಿಲ್ಪಿಯಾದ ಫಿಲಿಪ್ಪೊ ಬ್ರುನೆಲ್ಲೆಸ್ಕಿ (1377–1446). 15ನೆಯ ಶತಮಾನದ ಮೊದಲ ಕಾಲು ಭಾಗದಲ್ಲಿ ಅವನು ಫ್ಲಾರೆನ್ಸ್‌ನ ಕ್ಯಾಥೆಡ್ರಲ್ ಬಾಗಿಲೊಳಗೆ ನಿಂತು, ಎದುರಿನ ಎಂಟು ಮೂಲೆಯ ದೀಕ್ಷಾಮಂದಿರವನ್ನು (ಬ್ಯಾಪ್ಟಿಸ್ಟರಿ) ಸುಮಾರು ಒಂದಡಿಯ ಚೌಕದ ಹಲಗೆಯ ಮೇಲೆ ಚಿತ್ರಿಸಿದ. ಆಮೇಲೆ ಹಲಗೆಗೆ, ಕಣ್ಮರೆ ಬಿಂದುವಿದ್ದ ಜಾಗದಲ್ಲಿ, ಒಂದು ತೂತು ಕೊರೆದ. ನೋಡುವವನು ಹಲಗೆಯ ಹಿಂಬದಿಗೆ ಕಣ್ಣು ಹಚ್ಚಿ, ಇನ್ನೊಂದು ಕೈಯಲ್ಲಿ ಕನ್ನಡಿ ಹಿಡಿದು, ತೂತಿನಿಂದ ಕನ್ನಡಿಯಲ್ಲಿ ಚಿತ್ರದ ಪ್ರತಿಬಿಂಬವನ್ನು ನೋಡಬೇಕು. ಆಕಾಶದ ಜಾಗಕ್ಕೆ ಬಣ್ಣ ಬಳಿಯದೆ ಉಜ್ಜಿ ಹೊಳೆಯಿಸಿದ ಬೆಳ್ಳಿಯನ್ನು ಅಂಟಿಸಿದ್ದ. ಅದರಲ್ಲಿ ನಿಜವಾದ ಮೋಡಗಳು ಗಾಳಿಗೆ ತೇಲುತ್ತಿದ್ದವು. ಈ ವಿವರಗಳೆಲ್ಲ ಅವನ ಜೀವನ ಚರಿತ್ರೆ ಬರೆದ ಆಂಟೋನಿಯೊ ಮನೆಟ್ಟಿಯಿಂದ ಬಂದವು. ಹಲಗೆಯನ್ನು ತಾನೇ ಕೈಯಲ್ಲಿ ಹಿಡಿದು ನೋಡಿದ್ದಾಗಿ ಅವನು ಹೇಳುತ್ತಾನೆ. ಹಲಗೆ ಈಗ ಉಳಿದಿಲ್ಲ. ಬೆಳ್ಳಿಯ ಆಕಾಶವನ್ನು ಎಲ್ಲರೂ ಬಣ್ಣಿಸುತ್ತಾರೆ, ಆದರೆ ಆ ಸಾಧನದಲ್ಲಿ ನಿಜವಾದ ಜಾಣತನವಿರುವುದು ತೂತಿನಲ್ಲಿ. ಕಣ್ಣು ಎಲ್ಲೆಲ್ಲೋ ಅಲೆಯದಂತೆ ಅದನ್ನು ಒಂದೇ ಜಾಗದಲ್ಲಿ ಕಟ್ಟಿಹಾಕಿದ್ದು ಅದೇ.

ಬ್ರುನೆಲ್ಲೆಸ್ಕಿ ತನ್ನ ವಿಧಾನವನ್ನು ಬರೆದಿಡಲಿಲ್ಲ. ಚಿತ್ರಕಾರರ ಕೈಗೆ ಅದನ್ನು ನಿಯಮವಾಗಿ ಕೊಟ್ಟವನು ಲಿಯಾನ್ ಬಟ್ಟಿಸ್ಟಾ ಆಲ್ಬೆರ್ಟಿ. ಚಿತ್ರಕಲೆಯ ಬಗೆಗಿನ ಅವನ ಗ್ರಂಥ ಲ್ಯಾಟಿನ್‌ನಲ್ಲಿ 1435ರಲ್ಲಿ ಸಿದ್ಧವಾಯಿತು. ಮರುವರ್ಷದ ಇಟಾಲಿಯನ್ ಪಾಠವನ್ನು ಅವನು ಬ್ರುನೆಲ್ಲೆಸ್ಕಿಗೇ ಅರ್ಪಿಸಿದ. ತಾನು ಚಿತ್ರಿಸುವ ಆಯತವನ್ನು ತೆರೆದ ಕಿಟಕಿಯೆಂದು ಭಾವಿಸುತ್ತೇನೆ ಎಂದು ಅವನು ಹೇಳಿದ್ದು ಇದರಲ್ಲೇ. ಮನುಷ್ಯನ ಎತ್ತರವನ್ನು ಮೂರು ಪಾಲು ಮಾಡಿ, ಆ ಒಂದು ಪಾಲಿನ ಅಳತೆಯಲ್ಲಿ ಚಿತ್ರದ ತಳಗೆರೆಯನ್ನು ವಿಭಾಗಿಸುವುದು ಅವನ ಮೊದಲ ಹೆಜ್ಜೆ.

ಇದನ್ನು ಕೈಯಾರೆ ಮಾಡಿ ನೋಡುವುದೇ ಒಳ್ಳೆಯದು. 30 ಸೆಂ.ಮೀ. ಉದ್ದದ ತಳಗೆರೆ ಎಳೆದು, 5 ಸೆಂ.ಮೀ.ಯಂತೆ ಆರು ಭಾಗ ಮಾಡಿ. ಅದರ ಮೇಲೆ 15 ಸೆಂ.ಮೀ. ಎತ್ತರದಲ್ಲಿ ಕ್ಷಿತಿಜ ರೇಖೆ, ಅದರ ನಡುವೆ ಕಣ್ಮರೆ ಬಿಂದು. ತಳದ ಪ್ರತಿ ಗುರುತಿನಿಂದ ಬಿಂದುವಿಗೆ ಗೆರೆ ಎಳೆದರೆ ನೆಲದ ಉದ್ದಗೆರೆಗಳು ಸಿದ್ಧ. ಇಲ್ಲಿಯವರೆಗೆ ಯಾರೂ ತಪ್ಪುವುದಿಲ್ಲ. ಅಡ್ಡಗೆರೆಗಳನ್ನು ಎಷ್ಟೆಷ್ಟು ಅಂತರದಲ್ಲಿ ಹಾಕಬೇಕು ಎಂಬುದೇ ಕಗ್ಗಂಟು. ಪ್ರತಿ ಸಾಲನ್ನೂ ಹಿಂದಿನದರ ಮೂರನೇ ಎರಡರಷ್ಟಕ್ಕೆ ಇಳಿಸುತ್ತ ಹೋಗುವ ಚಿತ್ರಕಾರರು ತನ್ನ ಕಾಲದಲ್ಲಿದ್ದರೆಂದು ಆಲ್ಬೆರ್ಟಿ ಹೇಳಿ, ಅದು ತಪ್ಪೆಂದು ತಳ್ಳಿಹಾಕುತ್ತಾನೆ.

ನಂತರ ರೂಢಿಗೆ ಬಂದ ಸುಲಭದ ದಾರಿ ಹೀಗಿದೆ. ನೋಡುಗನ ಕಣ್ಣು ಚಿತ್ರದಿಂದ 20 ಸೆಂ.ಮೀ. ದೂರದಲ್ಲಿದೆ ಎಂದಿಟ್ಟುಕೊಂಡರೆ, ಕಣ್ಮರೆ ಬಿಂದುವಿನಿಂದ ಬಲಕ್ಕೆ ಕ್ಷಿತಿಜ ರೇಖೆಯ ಮೇಲೆ 20 ಸೆಂ.ಮೀ. ಅಳೆದು ಇನ್ನೊಂದು ಗುರುತು ಹಾಕಿ. ಹಾಳೆ ಸಾಲದಿದ್ದರೆ ಪಕ್ಕಕ್ಕೆ ಮತ್ತೊಂದನ್ನು ಅಂಟಿಸಿಕೊಳ್ಳಿ. ಆ ಗುರುತಿನಿಂದ ತಳಗೆರೆಯ ಎಡ ಮೂಲೆಗೆ ಒಂದು ಓರೆಗೆರೆ ಎಳೆಯಿರಿ. ಅದು ಉದ್ದಗೆರೆಗಳನ್ನು ಕತ್ತರಿಸುವ ಒಂದೊಂದು ಜಾಗದಲ್ಲೂ ಒಂದೊಂದು ಅಡ್ಡಗೆರೆ. ಅಳೆದು ನೋಡಿದರೆ ಅಡ್ಡಗೆರೆಗಳು ತಳದಿಂದ 3, 5, 6.4, 7.5, 8.3, 9 ಸೆಂ.ಮೀ. ಎತ್ತರದಲ್ಲಿ ಬೀಳುತ್ತವೆ. ಮೊದಲ ಸಾಲು 3, ಎರಡನೆಯದು 2: ಇಲ್ಲಿಗೆ ಮೂರನೇ ಎರಡರ ಲೆಕ್ಕ ಸರಿಯಾಗಿಯೇ ಕಾಣುತ್ತದೆ. ಮೂರನೆಯ ಸಾಲಿನಿಂದ ಎಡವಟ್ಟು ಶುರು. ಆ ಲೆಕ್ಕವನ್ನೇ ಹಿಡಿದು ಹೊರಟರೆ ಸಾವಿರ ಸಾಲು ಹಾಕಿದರೂ ನೆಲ 9 ಸೆಂ.ಮೀ. ದಾಟುವುದಿಲ್ಲ; ಸರಿಯಾದ ನೆಲ ಆರನೆಯ ಸಾಲಿಗೇ ಅಲ್ಲಿರುತ್ತದೆ, ಮುಂದೆ 15ರ ಕ್ಷಿತಿಜದತ್ತ ಏರುತ್ತಲೇ ಇರುತ್ತದೆ. ಅನುಮಾನವಿದ್ದರೆ ಚೌಕಗಳ ಮೂಲೆಯಿಂದ ಮೂಲೆಗೆ ಸ್ಕೇಲ್ ಇಟ್ಟು ನೋಡಿ. ಒಂದೇ ನೇರ ಗೆರೆ ಸಾಲುಸಾಲು ಚೌಕಗಳ ಕರ್ಣವಾಗಿ ಹಾಯ್ದರೆ ನೆಲ ಸರಿ, ಬಾಗಿದರೆ ತಪ್ಪು. ಈ ಪರೀಕ್ಷೆ ಆಲ್ಬೆರ್ಟಿಯದೇ.

ಆ 20 ಸೆಂ.ಮೀ. ನಾವು ಆಯ್ದುಕೊಂಡದ್ದು ಎಂಬುದನ್ನು ಗಮನಿಸಬೇಕು. 60 ಸೆಂ.ಮೀ. ಇಟ್ಟಿದ್ದರೆ ಮೊದಲ ಸಾಲಿನ ಎತ್ತರ 1.15 ಸೆಂ.ಮೀ. ಆಗುತ್ತಿತ್ತು, 5 ಇಟ್ಟಿದ್ದರೆ 7.5. ಕಣ್ಣು ಹತ್ತಿರ ಬಂದಷ್ಟೂ ನೆಲ ಎದ್ದು ನಿಂತಂತೆ ಕಾಣುತ್ತದೆ. ಕಣ್ಮರೆ ಬಿಂದುವನ್ನು ಸರಿಯಾಗಿಟ್ಟೂ ಮೇಜು, ಮಂಚಗಳು ಸೊಟ್ಟಗೆ ಕಂಡರೆ ಬಹುಪಾಲು ಕಾರಣ ಈ ದೂರವೇ. ಚಿತ್ರಿಸುವ ವಸ್ತುವಿನ ಎತ್ತರದ ಮೂರು ಪಟ್ಟು ದೂರ ನಿಲ್ಲಬೇಕೆಂದು ಲಿಯೊನಾರ್ಡೊ ಡ ವಿಂಚಿ ಬರೆದದ್ದು ಬರಿದೇ ಅಲ್ಲ. ಓರೆಯಾಗಿಟ್ಟ ಪೆಟ್ಟಿಗೆಯ ಅಂಚುಗಳು ಎರಡು ದಿಕ್ಕಿನಲ್ಲಿ ದೂರಕ್ಕೆ ಸಾಗುವುದರಿಂದ ಅದಕ್ಕೆ ಎರಡು ಕಣ್ಮರೆ ಬಿಂದುಗಳು ಬರುತ್ತವೆ. ಅವನ್ನು ಒಂದೇ ಹಾಳೆಯೊಳಗೆ ತುರುಕಿದಾಗ ಮೂಲೆ ಚೂಪಾಗಿ ಮುಖಕ್ಕೆ ಚುಚ್ಚುವಂತೆ ಕಾಣುವುದೂ ಇದೇ ಕಾರಣಕ್ಕೆ.

ಚಿತ್ರಕಾರ ಮಸಾಚ್ಚೊ ಫ್ಲಾರೆನ್ಸ್‌ನ ಸಾಂತಾ ಮರಿಯಾ ನೊವೆಲ್ಲಾ ಚರ್ಚಿನ ಗೋಡೆಯ ಮೇಲೆ ಸುಮಾರು 1427ರಲ್ಲಿ ಬರೆದ ‘ತ್ರಿಮೂರ್ತಿತ್ವ’ದಲ್ಲಿ ಬಿಂದು ಶಿಲುಬೆಯ ಬುಡದ ಹತ್ತಿರವಿದೆ, ಎದುರು ನಿಂತವನ ಕಣ್ಣಿನ ಎತ್ತರಕ್ಕೆ. ಹಾಗಾಗಿ ಮೇಲಿನ ಕಮಾನು ಛಾವಣಿಯನ್ನು ಕೆಳಗಿನಿಂದ ನೋಡಿದಂತೆಯೇ ಅನ್ನಿಸುತ್ತದೆ. ಗಾರೆಯಲ್ಲಿ ಗೀರಿದ ಗೆರೆಗಳು ಇಂದಿಗೂ ಉಳಿದಿವೆ. ಲಿಯೊನಾರ್ಡೊ ಮಿಲಾನ್‌ನಲ್ಲಿ 1490ರ ದಶಕದ ಕೊನೆಗೆ ಮುಗಿಸಿದ ‘ಕೊನೆಯ ಭೋಜನ’ದಲ್ಲಿ ಮಾತ್ರ ಬಿಂದು ಕ್ರಿಸ್ತನ ತಲೆಯಲ್ಲಿದೆ, ದಾರ ಕಟ್ಟಲು ಹೊಡೆದ ಮೊಳೆಯ ತೂತು ಕಣತಲೆಯ ಬಳಿ ಸಿಕ್ಕಿದೆ. ಆ ಎತ್ತರಕ್ಕೆ ಈ ಚಿತ್ರವಿರುವ ಸನ್ಯಾಸಿಗಳ ಊಟದ ಕೋಣೆಯಲ್ಲಿ ನಿಂತ ಯಾರ ಕಣ್ಣೂ ನಿಲುಕುವುದಿಲ್ಲ. ಲೆಕ್ಕಕ್ಕಿಂತ ಕಥೆಗೆ ಅವನು ಹೆಚ್ಚು ಬೆಲೆ ಕೊಟ್ಟ ಎನ್ನಬೇಕು, ಅದು ಸರಿಯೂ ಹೌದು.

ನಿಯಮವನ್ನು ಪೂರ್ತಿ ಪಾಲಿಸಿದರೆ ಎಲ್ಲಿ ಕೆಡುತ್ತದೆ ಎಂಬುದೂ ಆ ಕಾಲದ ಚಿತ್ರಕಾರರಿಗೆ ತಿಳಿದಿತ್ತು. ಚಿತ್ರದ ಅಂಚಿನಲ್ಲಿರುವ ಗೋಳ ಕಟ್ಟುನಿಟ್ಟಿನ ಲೆಕ್ಕದಲ್ಲಿ ಮೊಟ್ಟೆಯಾಕಾರಕ್ಕೆ ಎಳೆದುಕೊಳ್ಳುತ್ತದೆ. 1509–11ರ ‘ಅಥೆನ್ಸಿನ ವಿದ್ಯಾಪೀಠ’ದಲ್ಲಿ ರಫಾಯೆಲ್ ಕಮಾನುಗಳನ್ನೂ ನೆಲವನ್ನೂ ಒಂದೇ ಬಿಂದುವಿಗೆ ತಂದು ಕಟ್ಟಿದ, ಬಲತುದಿಯಲ್ಲಿ ನಿಂತವರ ಕೈಯಲ್ಲಿರುವ ಭೂಗೋಳ, ಖಗೋಳಗಳನ್ನು ಮಾತ್ರ ದುಂಡಗಿನ ವೃತ್ತವಾಗಿಯೇ ಬರೆದ.