ಯಾವುದು ಮೊದಲು, ಯಾವುದು ಆಮೇಲೆ: ಪೂರ್ಣ ಕ್ರಮ ಎಲ್ಲೆಲ್ಲಿ ಸಾಧ್ಯ?

ನಿಘಂಟಿನಲ್ಲಿ ಪದ ಹುಡುಕುವ ಪ್ರತಿಯೊಬ್ಬರೂ ತಮಗರಿವಿಲ್ಲದೆಯೇ ಗಣಿತದ ಒಂದು ಗುಣವನ್ನು ನೆಚ್ಚಿಕೊಂಡಿರುತ್ತಾರೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟಿನ ಹತ್ತಾರು ಸಾವಿರ ಪದಗಳಲ್ಲಿ ಯಾವ ಎರಡನ್ನು ಆರಿಸಿಕೊಂಡರೂ ಒಂದು ಮುಂಚೆ ಬರುತ್ತದೆ, ಇನ್ನೊಂದು ಆಮೇಲೆ ಬರುತ್ತದೆ. ‘ಕಮಲ’ವು ‘ಕರಿ’ಗಿಂತ ಮುಂಚೆ, ‘ಕರಿ’ಯು ‘ಕವಿ’ಗಿಂತ ಮುಂಚೆ ಇರುವುದರಿಂದ ‘ಕಮಲ’ವು ‘ಕವಿ’ಗಿಂತ ಮುಂಚೆ ಇದ್ದೇ ತೀರಬೇಕು. ಹೀಗೆ ಯಾವುದೇ ಎರಡು ವಸ್ತುಗಳನ್ನು ಹೋಲಿಸಲು ಸಾಧ್ಯವಿದ್ದು, ಆ ಹೋಲಿಕೆಗಳು ಒಂದಕ್ಕೊಂದು ವಿರುದ್ಧವಾಗದೆ ಕೊಂಡಿ ಕೊಂಡಿಯಾಗಿ ಮುಂದುವರಿದರೆ ಆ ವ್ಯವಸ್ಥೆಗೆ ಪೂರ್ಣ ಕ್ರಮ ಎಂದು ಹೆಸರು. ಹೋಲಿಸಲಾಗದ ಜೋಡಿಗಳು ಉಳಿದುಕೊಂಡರೆ ಅದು ಭಾಗಶಃ ಕ್ರಮ. ಕಳೆದ ನೂರಿಪ್ಪತ್ತು ವರ್ಷಗಳಲ್ಲಿ ಗಣಿತ, ಅರ್ಥಶಾಸ್ತ್ರ, ಭೌತವಿಜ್ಞಾನ, ಕಂಪ್ಯೂಟರ್ ವಿಜ್ಞಾನಗಳು ಬೇರೆ ಬೇರೆ ದಾರಿಗಳಲ್ಲಿ ನಡೆದು ಒಂದೇ ಜಾಗಕ್ಕೆ ಬಂದು ತಲುಪಿವೆ: ನಾವು ಪೂರ್ಣವೆಂದು ಭಾವಿಸಿದ್ದ ಕ್ರಮಗಳಲ್ಲಿ ಬಹುಪಾಲು ಭಾಗಶಃ ಕ್ರಮಗಳೇ ಆಗಿದ್ದು, ಅವುಗಳನ್ನು ಪೂರ್ಣಗೊಳಿಸಿದ್ದು ನಮ್ಮದೇ ತೀರ್ಮಾನ.

ನಮ್ಮ ವರ್ಣಮಾಲೆಯಲ್ಲೇ ಇದನ್ನು ಕಾಣಬಹುದು. ‘ಕ’ದಿಂದ ‘ಮ’ದವರೆಗಿನ 25 ವರ್ಗೀಯ ವ್ಯಂಜನಗಳನ್ನು ಮಕ್ಕಳು ಒಂದೇ ಸಾಲಾಗಿ ಬಾಯಿಪಾಠ ಮಾಡಿದರೂ ಅವು ವಾಸ್ತವದಲ್ಲಿ ಐದು ಅಡ್ಡಸಾಲು, ಐದು ಕಂಬಸಾಲುಗಳ ಒಂದು ಕೋಷ್ಟಕ. ಅಡ್ಡಸಾಲುಗಳು ಕಂಠದಿಂದ ತುಟಿಯವರೆಗಿನ ಉಚ್ಚಾರಣಾ ಸ್ಥಾನವನ್ನು ಹೇಳುತ್ತವೆ; ಕಂಬಸಾಲುಗಳು ಅಲ್ಪಪ್ರಾಣ, ಮಹಾಪ್ರಾಣ, ಘೋಷ, ಅನುನಾಸಿಕ ಎಂಬ ಉಚ್ಚಾರಣೆಯ ರೀತಿಯನ್ನು ಹೇಳುತ್ತವೆ. ‘ಗ’ ಮತ್ತು ‘ಚ’ ಅಕ್ಷರಗಳಲ್ಲಿ ಯಾವುದು ಮೊದಲು? ಸ್ಥಾನವನ್ನು ನೋಡಿದರೆ ‘ಗ’ ಮುಂದಿದೆ, ರೀತಿಯನ್ನು ನೋಡಿದರೆ ‘ಚ’ ಮುಂದಿದೆ. ಕೋಷ್ಟಕ ತಾನಾಗಿ ಯಾವ ಉತ್ತರವನ್ನೂ ಕೊಡುವುದಿಲ್ಲ. ಸ್ಥಾನಕ್ಕೆ ಆದ್ಯತೆ ಎಂದು ಪ್ರಾಚೀನ ವೈಯಾಕರಣರು ನಿರ್ಧರಿಸಿದ್ದರಿಂದ ‘ಗ’ ಮುಂಚೆ ಬಂದಿತು. ರೀತಿಗೆ ಆದ್ಯತೆ ಕೊಟ್ಟಿದ್ದರೆ ಮಕ್ಕಳು ಕ, ಚ, ಟ, ತ, ಪ, ಆಮೇಲೆ ಖ, ಛ, ಠ, ಥ, ಫ ಎಂದು ಕಲಿಯುತ್ತಿದ್ದರು, ನಿಘಂಟಿನಲ್ಲಿ ‘ಪದ’ವು ‘ಗದ್ದೆ’ಗಿಂತ ಎಷ್ಟೋ ಪುಟಗಳ ಮುಂಚೆ ಸಿಗುತ್ತಿತ್ತು. ಧ್ವನಿಗಳ ಬಗೆಗಿನ ತಿಳಿವಳಿಕೆ ಎರಡು ಕ್ರಮಗಳಲ್ಲೂ ಒಂದೇ ಆಗಿರುತ್ತಿತ್ತು ಎಂಬುದನ್ನು ಗಮನಿಸಬೇಕು.

ಗಣಿತದಲ್ಲಿ ಈ ವಿಚಾರ ಇನ್ನಷ್ಟು ನಿಖರವಾಗುತ್ತದೆ. 12ರ ಭಾಜಕಗಳಾದ 1, 2, 3, 4, 6, 12 ಎಂಬ ಆರು ಸಂಖ್ಯೆಗಳನ್ನು ತೆಗೆದುಕೊಂಡು, ಒಂದು ಸಂಖ್ಯೆ ಇನ್ನೊಂದನ್ನು ಶೇಷವಿಲ್ಲದೆ ಭಾಗಿಸಿದರೆ ಮಾತ್ರ ಅದು ಮುಂಚೆ ಎಂಬ ನಿಯಮ ಹಾಕೋಣ. 2 ಸಂಖ್ಯೆಯು 4 ಮತ್ತು 6ಕ್ಕಿಂತ ಮುಂಚೆ, 3 ಸಂಖ್ಯೆಯು 6ಕ್ಕಿಂತ ಮುಂಚೆ; ಆದರೆ 2 ಮತ್ತು 3ರ ನಡುವೆ, 3 ಮತ್ತು 4ರ ನಡುವೆ, 4 ಮತ್ತು 6ರ ನಡುವೆ ಈ ನಿಯಮ ಏನನ್ನೂ ಹೇಳುವುದಿಲ್ಲ. ನಿಯಮವನ್ನು ಮುರಿಯದೆ ಇವನ್ನೆಲ್ಲ ಒಂದೇ ಸಾಲಿನಲ್ಲಿ ನಿಲ್ಲಿಸಬೇಕೆಂದರೆ 1 ಮೊದಲಲ್ಲಿ, 12 ಕೊನೆಯಲ್ಲಿ ಇರಬೇಕು. ನಡುವಿನ ನಾಲ್ಕನ್ನು 2‑3‑4‑6, 2‑3‑6‑4, 2‑4‑3‑6, 3‑2‑4‑6, 3‑2‑6‑4 ಎಂಬ ಐದು ಬಗೆಗಳಲ್ಲಿ ಇಡಬಹುದು. ಐದೂ ಸರಿ, ಐದರಲ್ಲಿ ಯಾವುದಕ್ಕೂ ಹೆಚ್ಚಿನ ಹಕ್ಕಿಲ್ಲ. ಪೋಲೆಂಡಿನ ಎಡ್ವರ್ಡ್ ಶ್ಪಿಲ್‌ರೈನ್ 1930ರಲ್ಲಿ ಸಾಧಿಸಿದ ಪ್ರಮೇಯದ ಪ್ರಕಾರ ಪ್ರತಿಯೊಂದು ಭಾಗಶಃ ಕ್ರಮವನ್ನೂ ಹೀಗೆ ಪೂರ್ಣ ಕ್ರಮವಾಗಿ ವಿಸ್ತರಿಸಲು ಸಾಧ್ಯವಿದೆ. ಈ ಪ್ರಮೇಯವನ್ನು ಓದಿ ಸಮಾಧಾನಪಡುವವರು ಅದರ ಇನ್ನೊಂದು ಮುಖವನ್ನೂ ನೋಡಬೇಕು: ಅದು ಸಾಲು ಇದೆ ಎಂದು ಹೇಳುತ್ತದೆ, ಯಾವ ಸಾಲು ಎಂದು ಹೇಳುವುದಿಲ್ಲ. ಕ್ರಮವು ಇತರ ನಿಯಮಗಳೊಂದಿಗೂ ಹೊಂದಿಕೊಳ್ಳಬೇಕು ಎಂದು ಕೇಳಿದರಂತೂ ಕೆಲವು ಕಡೆ ದಾರಿಯೇ ಮುಚ್ಚುತ್ತದೆ. ಸಂಕೀರ್ಣ ಸಂಖ್ಯೆಗಳನ್ನು ಅಂಕಗಣಿತಕ್ಕೆ ಒಪ್ಪುವಂತೆ ಹಿರಿದು, ಕಿರಿದು ಎಂದು ಜೋಡಿಸಲು ಬರುವುದಿಲ್ಲ, ಏಕೆಂದರೆ ಅಂಥ ಕ್ರಮದಲ್ಲಿ ಸೊನ್ನೆಯಲ್ಲದ ಪ್ರತಿ ಸಂಖ್ಯೆಯ ವರ್ಗವೂ ಧನವಾಗಿರಬೇಕು. 1ರ ವರ್ಗ 1 ಆಗಿರುವುದರಿಂದ 1 ಧನವಾಗುತ್ತದೆ, –1ರ ವರ್ಗಮೂಲವೂ ಈ ಸಂಖ್ಯೆಗಳಲ್ಲಿ ಇರುವುದರಿಂದ –1 ಕೂಡ ಧನವಾಗಿಬಿಡುತ್ತದೆ; ಇವೆರಡೂ ಒಟ್ಟಿಗೆ ಧನವಾಗಿರಲು ಬರುವುದಿಲ್ಲ.

ಜೀವವಿಜ್ಞಾನ ಈ ಪಾಠವನ್ನು ಬೇಗನೆ ಕಲಿಯಿತು. ಕೀಟದಿಂದ ಮನುಷ್ಯನವರೆಗೆ ಎಲ್ಲ ಜೀವಿಗಳನ್ನೂ ಒಂದೇ ಏಣಿಯ ಮೆಟ್ಟಿಲುಗಳ ಮೇಲೆ ಕೂರಿಸುವ ಚಿಂತನೆ ಯುರೋಪಿನಲ್ಲಿ ಎರಡು ಸಾವಿರ ವರ್ಷ ಬಾಳಿತು. 1859ರಲ್ಲಿ ಡಾರ್ವಿನ್ ಪ್ರಕಟಿಸಿದ ಗ್ರಂಥದ ಏಕೈಕ ಚಿತ್ರ ಕವಲೊಡೆಯುವ ವಂಶವೃಕ್ಷದ್ದಾಗಿತ್ತು. ಪೂರ್ವಜ ಮತ್ತು ವಂಶಜ ಎಂಬ ಸಂಬಂಧ ಒಂದು ಭಾಗಶಃ ಕ್ರಮ. ಚಿಂಪಾಂಜಿಯೂ ಮನುಷ್ಯನೂ ಅದರ ಎರಡು ಬೇರೆ ಕವಲುಗಳ ತುದಿಯಲ್ಲಿರುವುದರಿಂದ ಅವರಲ್ಲಿ ಮುಂಚಿನವರು ಯಾರು ಎಂಬ ಪ್ರಶ್ನೆಗೆ ಆ ವೃಕ್ಷದಲ್ಲಿ ಸ್ಥಳವೇ ಇಲ್ಲ.

ಸಮಾಜವನ್ನು ಅಳೆಯುವಾಗ ಮಾತ್ರ ನಾವು ಇಂದಿಗೂ ಏಣಿಯನ್ನು ಬಿಟ್ಟಿಲ್ಲ. 1990ರಿಂದ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಪ್ರಕಟಿಸುತ್ತಿರುವ ಮಾನವ ಅಭಿವೃದ್ಧಿ ಸೂಚ್ಯಂಕವು ಆರೋಗ್ಯ, ಶಿಕ್ಷಣ, ಆದಾಯ ಎಂಬ ಮೂರು ಅಳತೆಗಳನ್ನು ಒಂದೇ ಅಂಕಿಗೆ ಇಳಿಸಿ ದೇಶಗಳನ್ನು ಸಾಲಾಗಿ ನಿಲ್ಲಿಸುತ್ತದೆ. ಮೊದಲು ಮೂರರ ಸಾಮಾನ್ಯ ಸರಾಸರಿಯನ್ನು ತೆಗೆದುಕೊಳ್ಳುತ್ತಿದ್ದರು; 2010ರಿಂದ ಮೂರನ್ನೂ ಗುಣಿಸಿ ಘನಮೂಲ ತೆಗೆಯುವ ಗುಣೋತ್ತರ ಸರಾಸರಿ ಜಾರಿಗೆ ಬಂದಿತು. ಈ ಬದಲಾವಣೆ ಎಂಥದ್ದೆಂದು ಒಂದು ಕಾಲ್ಪನಿಕ ಲೆಕ್ಕದಲ್ಲಿ ನೋಡೋಣ. ಒಂದು ನಾಡಿನ ಅಳತೆಗಳು 0.9, 0.9, 0.3, ಇನ್ನೊಂದರವು ಮೂರೂ 0.65. ಸಾಮಾನ್ಯ ಸರಾಸರಿಯಲ್ಲಿ ಮೊದಲನೆಯದಕ್ಕೆ 0.70, ಎರಡನೆಯದಕ್ಕೆ 0.65 ಬಂದು ಮೊದಲನೆಯದು ಗೆಲ್ಲುತ್ತದೆ; ಗುಣೋತ್ತರ ಸರಾಸರಿಯಲ್ಲಿ ಮೊದಲನೆಯದು ಸುಮಾರು 0.62ಕ್ಕೆ ಕುಸಿದು, 0.65ರಲ್ಲೇ ನಿಂತ ಎರಡನೆಯದು ಮುಂದೆ ಹೋಗುತ್ತದೆ. ಎರಡು ನಾಡುಗಳ ಒಬ್ಬ ಪ್ರಜೆಯ ಬದುಕಿನಲ್ಲೂ ಏನೂ ಬದಲಾಗಿಲ್ಲ. ಹೊಸ ಸೂತ್ರಕ್ಕೆ ಒಳ್ಳೆಯ ಸಮರ್ಥನೆಯಿದೆ, ಒಂದು ಕ್ಷೇತ್ರದ ತೀವ್ರ ಕೊರತೆಯನ್ನು ಇನ್ನೊಂದರ ಸಮೃದ್ಧಿ ಮುಚ್ಚಿಹಾಕಬಾರದು ಎಂಬುದು ನ್ಯಾಯವಾದ ಮಾತೇ. ಆದರೂ ಕಾಲೇಜುಗಳಿಂದ ಹಿಡಿದು ಸ್ವಚ್ಛ ನಗರಗಳವರೆಗೆ ಎಲ್ಲದಕ್ಕೂ ಬರುವ ಶ್ರೇಯಾಂಕ ಪಟ್ಟಿಗಳು, ಯಾವ ಜೋಡಿಗಳ ಸ್ಥಾನ ದತ್ತಾಂಶದಿಂದಲೇ ಬಂದಿದೆ, ಯಾವ ಜೋಡಿಗಳ ಸ್ಥಾನ ಸೂತ್ರದಿಂದ ಮಾತ್ರ ಬಂದಿದೆ ಎಂದು ಗುರುತು ಮಾಡಿ ಪ್ರಕಟವಾಗಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ಅಳತೆಗಳ ಜಾಗದಲ್ಲಿ ಮನುಷ್ಯರ ಇಚ್ಛೆಗಳಿದ್ದರೆ ತೊಡಕು ಇನ್ನೂ ಆಳವಾಗುತ್ತದೆ. ಒಂದು ಗ್ರಾಮಸಭೆಯಲ್ಲಿ ಕೆರೆಯ ಹೂಳು ತೆಗೆಸುವುದು, ಶಾಲೆಗೆ ಕೊಠಡಿ ಕಟ್ಟಿಸುವುದು, ರಸ್ತೆ ಮಾಡಿಸುವುದು ಎಂಬ ಮೂರು ಕೆಲಸಗಳ ಆದ್ಯತೆಯನ್ನು ಮೂರು ಸಮಾನ ಗುಂಪುಗಳು ನಿರ್ಧರಿಸಬೇಕಾಗಿದೆ ಎನ್ನೋಣ. ಮೊದಲ ಗುಂಪಿನ ಆದ್ಯತೆ ಕೆರೆ, ಶಾಲೆ, ರಸ್ತೆ. ಎರಡನೆಯದರದು ಶಾಲೆ, ರಸ್ತೆ, ಕೆರೆ. ಮೂರನೆಯದರದು ರಸ್ತೆ, ಕೆರೆ, ಶಾಲೆ. ಎರಡೆರಡನ್ನೇ ಮತಕ್ಕೆ ಹಾಕಿದರೆ ಶಾಲೆಗಿಂತ ಕೆರೆಗೆ, ರಸ್ತೆಗಿಂತ ಶಾಲೆಗೆ, ಕೆರೆಗಿಂತ ರಸ್ತೆಗೆ, ಹೀಗೆ ಪ್ರತಿ ಸಲವೂ ಮೂರರಲ್ಲಿ ಎರಡು ಗುಂಪುಗಳ ಬಹುಮತ ಸಿಗುತ್ತದೆ. ಪ್ರತಿ ಗುಂಪಿನ ಮನಸ್ಸಿನಲ್ಲೂ ಸ್ಪಷ್ಟವಾದ ಪೂರ್ಣ ಕ್ರಮವಿದ್ದರೂ ಸಭೆಯ ಒಟ್ಟು ತೀರ್ಪು ವೃತ್ತದಂತೆ ಸುತ್ತುತ್ತದೆ. ಫ್ರಾನ್ಸಿನ ಕೊಂಡೊರ್ಸೆ ಈ ವಿರೋಧಾಭಾಸವನ್ನು 1785ರಲ್ಲೇ ಗುರುತಿಸಿದ್ದನು. ಅದು ಬಹುಮತ ಪದ್ಧತಿಯೊಂದರ ದೋಷವಲ್ಲವೆಂದು 1951ರಲ್ಲಿ ಅರ್ಥಶಾಸ್ತ್ರಜ್ಞ ಕೆನೆತ್ ಆ್ಯರೋ ತೋರಿಸಿಕೊಟ್ಟರು. ಮೂರು ಅಥವಾ ಹೆಚ್ಚು ಆಯ್ಕೆಗಳಿರುವಾಗ, ಜನರು ಯಾವ ಆದ್ಯತೆಯನ್ನಾದರೂ ಹೊಂದಿರಬಹುದಾದರೆ, ಎಲ್ಲರೂ ಒಪ್ಪಿದ್ದನ್ನು ಸಮಾಜವೂ ಒಪ್ಪಬೇಕು ಮತ್ತು ಎರಡು ಆಯ್ಕೆಗಳ ನಡುವಿನ ತೀರ್ಪಿನಲ್ಲಿ ಮೂರನೆಯದರ ಬಗೆಗಿನ ಅಭಿಪ್ರಾಯ ತಲೆಹಾಕಬಾರದು ಎಂದು ಕೇಳಿದರೆ, ಸದಾ ಪೂರ್ಣ ಕ್ರಮವನ್ನೇ ಕೊಡುವ ಪದ್ಧತಿ ಒಬ್ಬನೇ ವ್ಯಕ್ತಿಯ ಇಚ್ಛೆಯನ್ನು ಎಲ್ಲರ ಮೇಲೆ ಹೇರುವ ಪದ್ಧತಿ ಮಾತ್ರ. 1972ರಲ್ಲಿ ಅವರಿಗೆ ನೊಬೆಲ್ ಪುರಸ್ಕಾರ ಬಂದಿತು.

ಈ ಪ್ರಮೇಯದಲ್ಲಿ ಪೂರ್ಣತೆಯ ಬೇಡಿಕೆಯನ್ನು ಸಡಿಲಿಸಿದರೆ ಏನಾಗುತ್ತದೆ? ಎಲ್ಲರೂ ಒಮ್ಮತದಿಂದ ಒಂದನ್ನು ಇನ್ನೊಂದಕ್ಕಿಂತ ಮೇಲೆಂದರೆ ಮಾತ್ರ ಸಮಾಜವೂ ಹಾಗೆನ್ನಲಿ, ಉಳಿದ ಜೋಡಿಗಳ ಬಗ್ಗೆ ಮೌನವಾಗಿರಲಿ ಎಂಬ ನಿಯಮವು ಉಳಿದ ಬೇಡಿಕೆಗಳನ್ನೆಲ್ಲ ಪೂರೈಸುತ್ತದೆ, ಸರ್ವಾಧಿಕಾರಿಯೂ ಬೇಕಾಗುವುದಿಲ್ಲ. ಅದಕ್ಕೆ ತೆರಬೇಕಾದ ಬೆಲೆ ಎಂದರೆ ಬಹಳಷ್ಟು ಜೋಡಿಗಳು ತೀರ್ಮಾನವಾಗದೆ ಉಳಿಯುತ್ತವೆ. ಹೀಗೆ ಉಳಿಯುವುದು ಚಿಂತನೆಯ ವೈಫಲ್ಯವಲ್ಲ, ಭಾಗಶಃ ಕ್ರಮದಿಂದಲೇ ಎಷ್ಟೋ ನ್ಯಾಯ ನಿರ್ಣಯಗಳು ಸಾಧ್ಯ ಎಂದು ಅಮರ್ತ್ಯ ಸೇನ್ ದಶಕಗಳಿಂದ ವಾದಿಸುತ್ತಾ ಬಂದಿದ್ದಾರೆ. ಹಸಿವು ಅನ್ಯಾಯವೆಂದು ಒಪ್ಪಲು ಜಗತ್ತಿನ ಎಲ್ಲ ಸಮಾಜಗಳ ಸಂಪೂರ್ಣ ಶ್ರೇಯಾಂಕ ಸಿದ್ಧವಾಗುವವರೆಗೆ ಕಾಯಬೇಕಾಗಿಲ್ಲ.

ಇಷ್ಟೆಲ್ಲ ಆದರೂ ಕಾಲದ ಕ್ರಮವೊಂದಾದರೂ ಪೂರ್ಣವಾಗಿರಬೇಕು ಎಂದು ಅನಿಸುವುದು ಸಹಜ, ಏಕೆಂದರೆ ಎರಡು ಘಟನೆಗಳಲ್ಲಿ ಒಂದು ಮುಂಚೆ ಆಗಿರಬೇಕು, ಆಮೇಲೆ ಆಗಿರಬೇಕು, ಇಲ್ಲವೇ ಎರಡೂ ಒಟ್ಟಿಗೆ ಆಗಿರಬೇಕು. 1905ರಲ್ಲಿ ಐನ್‌ಸ್ಟೈನರ ವಿಶೇಷ ಸಾಪೇಕ್ಷತಾ ಸಿದ್ಧಾಂತ ಕೆಡವಿದ್ದು ಈ ನಂಬಿಕೆಯನ್ನೇ. ಸೂರ್ಯನಿಂದ ಬೆಳಕು ನಮ್ಮನ್ನು ತಲುಪಲು ಸುಮಾರು 8 ನಿಮಿಷ 20 ಸೆಕೆಂಡು ಬೇಕು. ಸೂರ್ಯನಲ್ಲಿ ಒಂದು ಜ್ವಾಲೆ ಚಿಮ್ಮಿ, ನಮ್ಮ ಲೆಕ್ಕದಲ್ಲಿ ಐದು ನಿಮಿಷಗಳ ಬಳಿಕ ಬೆಂಗಳೂರಿನಲ್ಲಿ ಒಂದು ದೀಪ ಹೊತ್ತಿಕೊಂಡಿತು ಎನ್ನಿ. ಆ ಐದು ನಿಮಿಷಗಳಲ್ಲಿ ಬೆಳಕೂ ಅಲ್ಲಿಂದ ಇಲ್ಲಿಗೆ ಬರಲಾರದು, ಆದ್ದರಿಂದ ಜ್ವಾಲೆಯು ದೀಪಕ್ಕೆ ಕಾರಣವಾಗುವ ಸಾಧ್ಯತೆಯೇ ಇಲ್ಲ. ಸೂರ್ಯನಿಂದ ಭೂಮಿಯ ದಿಕ್ಕಿಗೆ ಬೆಳಕಿನ ವೇಗದ ಸುಮಾರು ಶೇ. 60ರಷ್ಟು ವೇಗದಲ್ಲಿ ಸಾಗುವ ವೀಕ್ಷಕನ ಲೆಕ್ಕದಲ್ಲಿ ಈ ಎರಡು ಘಟನೆಗಳು ಏಕಕಾಲಕ್ಕೆ ಆಗಿವೆ. ಅದಕ್ಕಿಂತ ವೇಗವಾಗಿ ಸಾಗುವವನ ಲೆಕ್ಕದಲ್ಲಿ ದೀಪವೇ ಮೊದಲು ಹೊತ್ತಿದೆ. ಮೂವರೂ ಸರಿಯಾಗಿಯೇ ಅಳೆದಿದ್ದಾರೆ. ಎಲ್ಲ ವೀಕ್ಷಕರೂ ಒಪ್ಪುವುದು ಕಾರಣವಾಗಬಲ್ಲ ಘಟನೆಗಳ ಕ್ರಮವನ್ನು ಮಾತ್ರ, ಮತ್ತು ಅದು ಭಾಗಶಃ ಕ್ರಮ.

ಸಾಪೇಕ್ಷತೆಯನ್ನು ಅರಿತಿದ್ದ ಕಂಪ್ಯೂಟರ್ ವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್ 1978ರಲ್ಲಿ ಇದೇ ಸ್ಥಿತಿಯನ್ನು ಕಂಪ್ಯೂಟರ್ ಜಾಲಗಳಲ್ಲಿ ಗುರುತಿಸಿದರು. ದೂರದೂರದ ಯಂತ್ರಗಳ ಗಡಿಯಾರಗಳು ಕರಾರುವಾಕ್ಕಾಗಿ ಹೊಂದುವುದಿಲ್ಲ. ಒಂದು ಸಂದೇಶ ಬರುವುದಕ್ಕಿಂತ ಮುಂಚೆ ಅದನ್ನು ಕಳುಹಿಸಲಾಗಿತ್ತು ಎಂಬಂಥ ಸಂಗತಿಗಳು ಮಾತ್ರ ಖಚಿತ. ಆದರೆ ಬ್ಯಾಂಕಿಗೆ ಭಾಗಶಃ ಕ್ರಮ ಸಾಲದು. ಖಾತೆಯಲ್ಲಿ 1,000 ರೂಪಾಯಿ ಇರುವಾಗ 700 ರೂಪಾಯಿಯ ವಿದ್ಯುತ್ ಬಿಲ್ಲೂ 700 ರೂಪಾಯಿಯ ವಿಮಾ ಕಂತೂ ಎರಡು ಊರುಗಳ ಸರ್ವರ್‌ಗಳಿಗೆ ಒಟ್ಟಿಗೆ ಬಂದರೆ ಒಂದು ಪಾವತಿಯಾಗಬೇಕು, ಇನ್ನೊಂದು ವಾಪಸಾಗಬೇಕು, ಮತ್ತು ಯಾವುದು ಯಾವುದೆಂಬುದರಲ್ಲಿ ಎರಡು ಸರ್ವರ್‌ಗಳಿಗೂ ಒಂದೇ ಅಭಿಪ್ರಾಯವಿರಬೇಕು. ಲ್ಯಾಂಪೋರ್ಟ್ ಕೊಟ್ಟ ಪರಿಹಾರದಲ್ಲಿ ಪ್ರತಿ ಯಂತ್ರವೂ ತನ್ನ ಪ್ರತಿ ಘಟನೆಗೆ ಏರುತ್ತಾ ಹೋಗುವ ಒಂದು ಸಂಖ್ಯೆಯನ್ನು ಕೊಡುತ್ತದೆ, ಕಳುಹಿಸುವ ಸಂದೇಶಕ್ಕೂ ಆ ಸಂಖ್ಯೆಯನ್ನು ಲಗತ್ತಿಸುತ್ತದೆ, ಸಂದೇಶ ಪಡೆದ ಯಂತ್ರ ತನ್ನ ಎಣಿಕೆಯನ್ನು ಅದಕ್ಕಿಂತ ಮುಂದಕ್ಕೆ ಸರಿಸಿಕೊಳ್ಳುತ್ತದೆ. ಎರಡು ಘಟನೆಗಳಿಗೆ ಒಂದೇ ಸಂಖ್ಯೆ ಬಂದರೆ ಯಂತ್ರಗಳಿಗೆ ಮೊದಲೇ ಕೊಟ್ಟ ಕ್ರಮಾಂಕವೇ ತೀರ್ಪು ಹೇಳುತ್ತದೆ. ಆ ಕೊನೆಯ ತೀರ್ಪಿಗೆ ಸಹಮತವನ್ನು ಬಿಟ್ಟರೆ ಬೇರೆ ಆಧಾರವಿಲ್ಲ. ಅಂಥ ಸಹಮತವೂ ಸುಲಭವಾಗಿ ದಕ್ಕುವಂಥದ್ದಲ್ಲ: ಸಂದೇಶಗಳ ವಿಳಂಬಕ್ಕೆ ಮಿತಿಯಿಲ್ಲದ ಜಾಲದಲ್ಲಿ ಒಂದೇ ಒಂದು ಯಂತ್ರ ಕೆಟ್ಟು ನಿಲ್ಲುವ ಸಂಭವವಿದ್ದರೂ, ನಿಶ್ಚಿತ ಹೆಜ್ಜೆಗಳ ಯಾವ ವಿಧಾನವೂ ಎಲ್ಲ ಸಂದರ್ಭಗಳಲ್ಲೂ ಒಮ್ಮತವನ್ನು ಖಾತರಿಪಡಿಸಲಾರದು ಎಂದು ಫಿಶರ್, ಲಿಂಚ್, ಪ್ಯಾಟರ್ಸನ್ 1985ರಲ್ಲಿ ಸಾಧಿಸಿದರು.

ಇದುವರೆಗಿನ ಉದಾಹರಣೆಗಳಲ್ಲಿ ಹೋಲಿಸಲಾಗದಿರುವುದು ಒಂದು ಅಡಚಣೆಯಂತೆ ಕಂಡಿತು. ಅದೇ ವಿಶ್ವದ ರಚನೆಗೆ ಆಧಾರವಾಗಿರಬಹುದು ಎಂಬ ಚಿಂತನೆಯೂ ಇದೆ. ಸಹಜ ಗುಣಗಳುಳ್ಳ ದೇಶಕಾಲದಲ್ಲಿ, ಅಂದರೆ ಸ್ಥಳ ಮತ್ತು ಕಾಲ ಒಂದಾಗಿ ಬೆಸೆದ ರಚನೆಯಲ್ಲಿ, ಯಾವ ಘಟನೆ ಯಾವುದಕ್ಕೆ ಕಾರಣವಾಗಬಲ್ಲದು ಎಂಬ ಕಾರಣ ಕ್ರಮವೊಂದು ತಿಳಿದರೆ, ಸ್ಥಳೀಯ ಅಳತೆಯ ಪ್ರಮಾಣವೊಂದನ್ನು ಬಿಟ್ಟು ಉಳಿದ ಜ್ಯಾಮಿತಿಯನ್ನೆಲ್ಲ ಅದರಿಂದಲೇ ಪಡೆಯಬಹುದು ಎಂದು 1977ರಲ್ಲಿ ಡೇವಿಡ್ ಮ್ಯಾಲಮೆಂಟ್ ತೋರಿಸಿದರು. 1987ರಲ್ಲಿ ಬೊಂಬೆಲ್ಲಿ, ಲೀ, ಮೇಯರ್, ಸೋರ್ಕಿನ್ ಮುಂದಿಟ್ಟ ಕಾರಣ ಗಣ ಸಿದ್ಧಾಂತದ ಪ್ರಕಾರ ದೇಶಕಾಲವು ಅತಿಸೂಕ್ಷ್ಮ ಮಟ್ಟದಲ್ಲಿ ಬಿಡಿಬಿಡಿ ಘಟನೆಗಳ ಒಂದು ಭಾಗಶಃ ಕ್ರಮ. ಆ ಘಟನೆಗಳ ಎಣಿಕೆಯೇ ಉಳಿದಿದ್ದ ಅಳತೆಯ ಪ್ರಮಾಣವನ್ನು ಒದಗಿಸುತ್ತದೆ. ಒಂದಾದ ಮೇಲೊಂದು ಹೋಲಿಸಬಹುದಾದ ಘಟನೆಗಳ ಸರಪಳಿ ಕಾಲದ ಪಾತ್ರ ವಹಿಸುತ್ತದೆ, ಪರಸ್ಪರ ಹೋಲಿಸಲಾಗದ ಘಟನೆಗಳ ಗುಂಪು ಸ್ಥಳದ ಪಾತ್ರ ವಹಿಸುತ್ತದೆ. ಎಲ್ಲ ಘಟನೆಗಳೂ ಪೂರ್ಣ ಕ್ರಮದಲ್ಲಿದ್ದ ವಿಶ್ವದಲ್ಲಿ ಕಾಲ ಇರುತ್ತಿತ್ತು, ಸ್ಥಳ ಇರುತ್ತಿರಲಿಲ್ಲ.

ಈ ಸಂಶೋಧನೆಯ ಮುಖ್ಯ ಕೇಂದ್ರಗಳಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯೂ ಒಂದು. ಅಲ್ಲಿನವರನ್ನೂ ಹೊರಗಿನವರನ್ನೂ ಬಹುಕಾಲ ಕಾಡಿದ ಒಂದು ಪ್ರಶ್ನೆಯ ಮೂಲ ಶುದ್ಧ ಗಣಿತದಲ್ಲಿದೆ. ಬಹುದೊಡ್ಡ ಭಾಗಶಃ ಕ್ರಮಗಳಲ್ಲಿ ಒಂದನ್ನು ಕಣ್ಣುಮುಚ್ಚಿ ಎತ್ತಿಕೊಂಡರೆ ಅದರಲ್ಲಿ ಬಹುಮಟ್ಟಿಗೆ ಮೂರೇ ಪದರಗಳಿರುತ್ತವೆ, ಕೆಳಗೆ ಸುಮಾರು ಕಾಲುಭಾಗ, ನಡುವೆ ಅರ್ಧ, ಮೇಲೆ ಕಾಲುಭಾಗ ಎಂದು ಕ್ಲೈಟ್‌ಮನ್ ಮತ್ತು ರಾಥ್‌ಶೀಲ್ಡ್ 1975ರಲ್ಲಿ ಸಾಧಿಸಿದ್ದರು. ಅಂಥದ್ದರಲ್ಲಿ ಕಾಲ ಮೂರು ಹೆಜ್ಜೆ ಇಟ್ಟು ಮುಗಿದುಹೋಗುತ್ತದೆ, ನಮ್ಮ ವಿಶ್ವದ ಹೋಲಿಕೆಯೇ ಅದಕ್ಕಿಲ್ಲ. ಎಣಿಕೆಯಲ್ಲಿ ಇಷ್ಟೊಂದು ಮೇಲುಗೈ ಪಡೆದಿರುವ ಪದರ ರೂಪದ ಕ್ರಮಗಳನ್ನು ಬದಿಗೆ ಸರಿಸುವುದು ಯಾವುದು? ಐನ್‌ಸ್ಟೈನರ ಗುರುತ್ವ ಸಮೀಕರಣಗಳಿಗೆ ಸಂವಾದಿಯಾಗಿ, ಸಾಧ್ಯವಿರುವ ಎಲ್ಲ ಕ್ರಮಗಳ ಕೊಡುಗೆಗಳನ್ನು ಕೂಡಿಸುವ ಕ್ವಾಂಟಂ ಮೊತ್ತವನ್ನು ಲೆಕ್ಕ ಹಾಕಿದಾಗ ಇಂಥ ಕ್ರಮಗಳ ಕೊಡುಗೆಗಳು ಪರಸ್ಪರ ರದ್ದಾಗಿ ಬಲವಾಗಿ ಕುಗ್ಗುತ್ತವೆ ಎಂದು ಇತ್ತೀಚಿನ ವರ್ಷಗಳ ಕೆಲಸಗಳು ತೋರಿಸಿವೆ; ಹಾಗೆ ಉಳಿದ ಕ್ರಮಗಳಲ್ಲಿ ನಾಲ್ಕು ಆಯಾಮಗಳ ದೇಶಕಾಲವೇ ಏಕೆ ಮೇಲೆ ಬರಬೇಕು ಎಂಬುದು ಈಗ ನಡೆಯುತ್ತಿರುವ ಲೆಕ್ಕ.