ಪಡಸಾಲೆಯ ನಾಲ್ಕನೆಯ ಗೋಡೆ: ಸಾಸಿವೆ ಹಳದಿಯೋ, ಗಾಢ ನೀಲಿಯೋ?

ವಿಜಯಪುರ, ಬಾಗಲಕೋಟೆಯ ಹೊಸ ಮನೆಗಳ ಪಡಸಾಲೆಯಲ್ಲಿ ಮೂರು ಗೋಡೆಗೆ ಕೆನೆಬಣ್ಣ, ನಾಲ್ಕನೆಯದಕ್ಕೆ ಕಣ್ಣಿಗೆ ಹೊಡೆಯುವ ಬಣ್ಣ ಹಚ್ಚಿಸುವವರು ಬಹಳ. ಅದು ಸಾಸಿವೆ ಹಳದಿಯೋ ಗಾಢ ನೀಲಿಯೋ ಎಂಬ ತಕರಾರು ಅಂಗಡಿಯ ಶೇಡ್ ಕಾರ್ಡಿನಿಂದ ಬಗೆಹರಿಯುವುದಿಲ್ಲ. ಎರಡು ಬೆರಳಗಲದ ಚೌಕದಲ್ಲಿ ಹಿತವಾಗಿದ್ದದ್ದು ಇಡೀ ಗೋಡೆಗೆ ಹರಡಿದಾಗ ಜೋರಾಗುತ್ತದೆ.

ಗೋಡೆಯ ಮೇಲೆ ಎರಡನ್ನೂ ಒತ್ತೊತ್ತಾಗಿ ಬಳಿದು ನೋಡುವುದಂತೂ ಬೇಡ. ನೀಲಿಯ ಪಕ್ಕದ ಹಳದಿ ಇದ್ದುದಕ್ಕಿಂತ ಹೆಚ್ಚು ಉರಿಯುತ್ತದೆ, ಹಳದಿಯ ಪಕ್ಕದ ನೀಲಿಯೂ ಹಾಗೆಯೇ. ಕಣ್ಣಿನ ಗುಣವೇ ಅದು. ಎರಡಡಿ ಚೌಕದ ಎರಡು ಹಾರ್ಡ್‌ಬೋರ್ಡ್ ತುಂಡಿಗೆ ಬಿಳಿ ಪ್ರೈಮರ್, ಮೇಲೆ ಎರಡು ಕೋಟ್ ಬಣ್ಣ, ಕೋಟ್‌ಗಳ ನಡುವೆ ನಾಲ್ಕು ತಾಸು. ಎಮಲ್ಷನ್ (ನೀರು ಬೆರೆಸಿ ಹಚ್ಚುವ ಗೋಡೆ ಬಣ್ಣ) ಒಣಗಿದಂತೆ ಕಪ್ಪೇರುತ್ತದೆ, ಹಾಗಾಗಿ ನೋಡುವುದು ಮರುದಿನ. ಒಂದೊಂದೇ ತುಂಡನ್ನು ಅದೇ ಗೋಡೆಗೆ ಆನಿಸಿ ಬೆಳಿಗ್ಗೆ, ಸಂಜೆ ಐದಕ್ಕೆ, ರಾತ್ರಿ ದೀಪ ಹಾಕಿ ನೋಡಿ.

ಪಡುವಣ ಕಿಟಕಿಯ ಇಳಿಬಿಸಿಲಿಗೆ ಸಾಸಿವೆ ಹಳದಿ ಕಿತ್ತಳೆಯಾಗುತ್ತದೆ. ವಿಜಯಪುರದ ಬೇಸಿಗೆಯಲ್ಲಿ ಅಂಥ ಕೋಣೆಯಲ್ಲಿ ಕೂರಲು ಯಾರಿಗೆ ಮನಸ್ಸು ಬಂದೀತು? ಅಲ್ಲಿ ನೀಲಿಯೇ ಸರಿ. ಬಡಗಣ ಬೆಳಕಷ್ಟೇ ಬರುವ ಕೋಣೆಗೆ ಹಳದಿ. 6500 ಕೆಲ್ವಿನ್ (ದೀಪದ ಬೆಳಕಿನ ಬಣ್ಣದ ಅಳತೆ) ಬಿಳಿ ಎಲ್‌ಇಡಿಯಲ್ಲಿ ಸಾಸಿವೆಗೆ ಹಸಿರು ಛಾಯೆ ಬರುತ್ತದೆ. 3000ದ ಹಳದಿ ದೀಪದಲ್ಲಿ ಗಾಢ ನೀಲಿ ಹೆಚ್ಚುಕಡಿಮೆ ಕಪ್ಪು. ನೆಲಕ್ಕೆ ಇಳಕಲ್ಲಿನ ಕೆಂಪು ಗ್ರಾನೈಟ್ ಇದ್ದರೆ ಗೋಡೆಯ ಕೆಳಭಾಗ ಕೆಂಪು ಹೊಡೆಯುತ್ತದೆ. ಬೂದು ಶಹಾಬಾದಿ ಫರಸಿಗೆ ಆ ತಂಟೆಯಿಲ್ಲ.

ಪುಟ್ಟಿ, ಪ್ರೈಮರ್ ಆದ 12 ಅಡಿ ಉದ್ದ, 10 ಅಡಿ ಎತ್ತರದ ಗೋಡೆಗೆ ಒಂದು ಕೋಟ್‌ಗೆ ಸುಮಾರು ಒಂದು ಲೀಟರ್ ಬಣ್ಣ. ಹಳದಿಗೆ ಅಡಿಯ ಬಿಳಿಯನ್ನು ಮುಚ್ಚುವ ಶಕ್ತಿ ಕಡಿಮೆ. ಮೂರನೆಯ ಕೋಟನ್ನೂ ಲೆಕ್ಕಕ್ಕೆ ಹಿಡಿಯಿರಿ.

ನೀಲಿಯ ರಗಳೆ ಬೇರೆ. ಹೊಳಪಿನದಾದರೆ ಪುಟ್ಟಿಯ ಉಬ್ಬುತಗ್ಗೆಲ್ಲ ಎದ್ದು ಕಾಣುತ್ತದೆ. ಮ್ಯಾಟ್ ಆದರೆ ಸೋಫಾ ತಾಗಿದಲ್ಲೆಲ್ಲ ಬಿಳಿ ಗೀರು. ಮ್ಯಾಟ್ ಹಚ್ಚಿ, ಸೋಫಾ ನಾಲ್ಕು ಬೆರಳು ಮುಂದೆ ಸರಿಸುವುದು ವಾಸಿ. ಏಪ್ರಿಲ್ ಸೆಕೆಗೆ ರೋಲರ್ ಓಡಿದ ಅಂಚು ಬೇಗ ಒಣಗಿ ಪಟ್ಟೆ ಬೀಳುತ್ತದೆ. ಫ್ಯಾನ್ ಆರಿಸಿ, ಬೆಳಗಿನ ತಂಪಿನಲ್ಲಿ ಮೂಲೆಯಿಂದ ಮೂಲೆಗೆ ನಿಲ್ಲಿಸದೆ ಹಚ್ಚಿಸಬೇಕು. ಎರಡು ಡಬ್ಬಿ ತಂದಿದ್ದರೆ ಮೊದಲೇ ಒಂದೇ ಬಕೆಟ್‌ಗೆ ಸುರಿದು ಕಲಸಿ; ಮಷಿನ್ನಿನಲ್ಲಿ ಬೆರೆಸಿದ್ದರೂ ಡಬ್ಬಿಯಿಂದ ಡಬ್ಬಿಗೆ ತುಸು ವ್ಯತ್ಯಾಸ ಇರಬಹುದು. ಬೆಳಗಾವಿಯವರು ಮಳೆಗಾಲ ಮುಗಿದು ಗೋಡೆ ಪೂರ್ತಿ ಒಣಗುವ ತನಕ ನೀಲಿಗೆ ಕೈ ಹಾಕಬಾರದು. ತೇವದಿಂದ ಏಳುವ ಉಪ್ಪು ಕೆನೆಬಣ್ಣದ ಮೇಲೆ ಅಷ್ಟಾಗಿ ಕಾಣದು, ನೀಲಿಯ ಮೇಲೆ ಬೆಳ್ಳಗೆ ಕೂರುತ್ತದೆ.